ಜೋಯಪ್ಪನ ಜೀಪಿಗೆ ಹತ್ತಿಸುವ ಮುನ್ನ

ರಟ್ಟಿನ ಡಬ್ಬ ಸರಿಯಾಗಿ ಹಿಡಿ, ಜೋಯಪ್ಪ, ತಳಕ್ಕೆ ಕೈ ಕೊಡು,
ಆಗಲೇ ಒದ್ದೆಯಾಗಿದೆ.
ಐವತ್ತೆರಡು ದಿನದ ಮರಿ. ತಾಯಿಯ ವಾಸನೆ ಇರಲೆಂದು
ಹಳೇ ಗೋಣಿಯ ತುಂಡೊಂದು ಒಳಗಿಟ್ಟಿದ್ದೇನೆ.
ಅಕ್ಕವ್ವ ಮೂಗು ಮುಚ್ಚಿಕೊಂಡರೂ
ಒಂದು ವಾರ ಅದನ್ನು ಒಗೆಯಬಾರದು, ಹೇಳು.

ಮೊದಲ ರಾತ್ರಿ ಅಳುತ್ತದೆ. ಎರಡನೆಯದೂ.
ಗದರಿದರೆ ಅಳು ನಿಲ್ಲದು, ನಿನ್ನ ದನಿಗೆ ಹೆದರುವುದನ್ನು ಕಲಿಯುತ್ತದೆ.
ಮಂಚದಿಂದ ಒಂದು ಕೈ ಇಳಿಬಿಟ್ಟು ಮಲಗು,
ಬೆರಳು ಚೀಪುತ್ತ ನಿದ್ದೆ ಹೋದೀತು.

ಎದ್ದ ಕೂಡಲೇ ಅಂಗಳಕ್ಕೆ, ಉಂಡ ಕೂಡಲೇ ಅಂಗಳಕ್ಕೆ.
ನೆಲ ಮೂಸುತ್ತ ಗಿರಗಿರ ಸುತ್ತತೊಡಗಿದರೆ
ಕಾಫಿ ಲೋಟ ಅಲ್ಲೇ ಬಿಟ್ಟು ಎತ್ತಿಕೊಂಡು ಓಡು.
ಒಳಗೇ ಆಗಿಹೋಯಿತೋ, ಒರೆಸು, ಸುಮ್ಮನಿರು.
ಮೂತಿ ಹಿಡಿದು ಅದಕ್ಕೇ ತಿಕ್ಕುವ ನಿನ್ನಪ್ಪನ ವಿದ್ಯೆ
ನಿನ್ನಪ್ಪನ ಜೊತೆಗೇ ಹೋಗಲಿ.

ಮೂವತ್ತೊಂದು ವರ್ಷ ಪೊನ್ನಂಪೇಟೆ ದನದಾಸ್ಪತ್ರೆಯಲ್ಲಿ
ಸಿರಿಂಜು ಕುದಿಸಿದವಳ ಮಾತಿದು.
ಡಾಕ್ಟರರು ವರ್ಗವಾಗಿ ಹೋಗುತ್ತಿದ್ದರು, ನಾನು ಇರುತ್ತಿದ್ದೆ.

ಹಲ್ಲು ನವೆಯಾಗಿ ಕಚ್ಚುತ್ತದೆ. ಕೈ ಕೊಡವಬೇಡ, ಆಟ ಅಂದುಕೊಳ್ಳುತ್ತದೆ.
ಅಯ್ಯೋ ಅಂದು ಬೆನ್ನು ತಿರುಗಿಸಿ ಕೂರು.
ಜಗತ್ತೇ ಮುನಿಸಿಕೊಂಡಿತು ಅನ್ನಿಸಬೇಕು ಅದಕ್ಕೆ,
ಅರ್ಧ ನಿಮಿಷ. ಹೆಚ್ಚು ಬೇಡ.

ಸೂಜಿಗಳೆಲ್ಲ ಮುಗಿಯುವ ತನಕ ಗೋಣಿಕೊಪ್ಪದ ಸಂತೆ ತೋರಿಸಬೇಡ.
ಕಡಂಬುಟ್ಟು ಒಂದು ತಿನ್ನಲಿ, ಪಂದಿಯ ಕೊಬ್ಬು ಬೇಡ,
ಬೆಂದ ಕೋಳಿ ಮೂಳೆ ಬೇಡವೇ ಬೇಡ.
ತೋಡಿನ ನೀರು ಕುಡಿದು ಬಂದು
ಒಂದೇ ಹೊಳ್ಳೆಯಲ್ಲಿ ರಕ್ತ ಜಿನುಗಿದರೆ ಕಡ್ಡಿ ತೂರಿಸಬೇಡ.
ಒಂದು ತಾಸು ನೀರು ಕೊಡದಿದ್ದು ಆಮೇಲೆ ಬೋಗುಣಿ ಇಡು.
ಒಳಗಿನ ಜಿಗಣೆಗೂ ಬಾಯಾರುತ್ತದೆ,
ಇಣುಕಿದಾಗ ಒರಟು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಎಳಿ.
ಬರಲಿಲ್ಲವೋ, ಆಸ್ಪತ್ರೆಗೆ ತಾ.
ಹೂಮಳೆಗೆ ಮುಂಚಿನ ಬಿಸಿಲಲ್ಲಿ ಉಣ್ಣೆ ಕಾಲ:
ಕಿವಿಯ ಮಡಿಕೆ, ಬೆರಳ ಸಂದು, ದಿನವೂ ನೋಡು.
ಸೀಮೆಎಣ್ಣೆ ಸವರುವವರ ಮಾತು ಕೇಳಬೇಡ.
ತುಟಿ ಎತ್ತಿ ನೋಡಿದಾಗ ವಸಡು ಬಿಳುಚಿದ್ದರೆ
ನಾಳೆ ಅನ್ನಬೇಡ, ಜೀಪು ತೆಗಿ.

ಪುತ್ತರಿಯ ರಾತ್ರಿ ಗುಂಡು ಹಾರಿಸುವ ಹೊತ್ತಿಗೆ
ಒಳಕೋಣೆಯಲ್ಲಿ ರೇಡಿಯೋ ಹಾಕಿ ಕೂಡಿಸು.
ಕೊಡವನ ನಾಯಿ ಗುಂಡಿಗೆ ಹೆದರುವುದೇ ಎಂದು ನಕ್ಕವರಿಗೆ ಹೇಳು,
ಕೋವಿಯ ವಿನಾಯಿತಿ ನಮಗೆ, ನಾಯಿಗಲ್ಲ.

ಹೆಸರು ಹಿಡಿದು ಕರೆದರೆ ಒಳ್ಳೆಯದೇ ಆಗಬೇಕು:
ಒಂದು ತುಣುಕು ಮೀನು, ಇಲ್ಲ ಕುತ್ತಿಗೆ ತುರಿಸುವ ಕೈ.
ಎಷ್ಟೇ ತಡವಾಗಿ ಬಂದರೂ ಹೊಡೆಯಬೇಡ,
ಬಂದದ್ದಕ್ಕೇ ಹೊಡೆದೆ ಅಂದುಕೊಳ್ಳುತ್ತದೆ.
ತೋಟದಲ್ಲಿ ಆನೆ ಕಂಡು ಬೊಗಳಿದ ನಾಯಿ
ಓಡಿ ಬರುವುದು ನಿನ್ನ ಕಾಲಸಂದಿಗೇ, ಆನೆಯನ್ನೂ ಕರೆದುಕೊಂಡು.
ಮೊದಲ ಕರೆಗೇ ತಿರುಗಿದರೆ ಇಬ್ಬರೂ ಉಳಿದೀರಿ.

ಇನ್ನು ರಾತ್ರಿಯ ಮಾತು.

ಬೊಳ್ಳನನ್ನು ಜಗಲಿಗೆ ಕಟ್ಟು, ಬೊಗಳಿದರೆ ಸಾಕು
ಅಂದವಳು ನಾನು.
ಬೆಳಗಾಗ ಸರಪಳಿ ಇತ್ತು, ಕೊರಳಪಟ್ಟಿಯ ಬಕಲ್ಲು ಹಾಕಿದ್ದಂತೆಯೇ ಇತ್ತು.
ನೀನು ಚಿರತೆ ಎಂದೆಯಷ್ಟೆ, ನನ್ನ ಹೆಸರೆತ್ತಲಿಲ್ಲ.
ಅದೇ ವಾರ ಆಸ್ಪತ್ರೆ ಗೇಟಿಗೆ ಇಳಿಸಿದಾಗ
ಎಂದಿನಂತೆ ಬಾಡಿಗೆಯನ್ನೂ ತೆಗೆದುಕೊಂಡೆ, ಚಿಲ್ಲರೆ ಎಣಿಸಿ ಕೊಟ್ಟೆ.
ಒಂಬತ್ತು ವರ್ಷವಾಯಿತು. ನಾನು ಎಣಿಸಿದ್ದೇನೆ.

ಇದನ್ನು ಒಳಗೆ ಮಲಗಿಸು.
ಬಾಗಿಲು ಹಾಕಿ, ಅಗುಳಿ ಎರಡು ಸಲ ನೋಡು.
ಬೊಗಳದಿದ್ದರೂ ಪರವಾಗಿಲ್ಲ.

ಹೊರಡು, ಇಬ್ಬನಿ ಇಳಿಯುವ ಮುಂಚೆ ಸೇರಿಕೋ.
ತಿರುವುಗಳಲ್ಲಿ ಮೆಲ್ಲಗೆ.
ಈ ಜಾತಿಗೆ ಜೀಪೆಂದರೆ ವಾಂತಿ;
ಸೀಟಿಗೆ ಪೇಪರ್ ಹಾಸಿಲ್ಲ ನೀನು,
ನನಗೆ ಗೊತ್ತಿತ್ತು, ತಗೋ.